ಗಂಗೋತ್ರಿ ಸ್ಟಾಪಿನಲ್ಲಿ ಇಳಿದ ಕಂಡಕ್ಟರು

‘ಗಂಗೋತ್ರಿ, ಗಂಗೋತ್ರಿ! ಇಳಿಯೋರು ಬಾಗಿಲಿಗೆ ಬನ್ನಿ!’

ಹುಣಸೂರು ಡಿಪೋದ ಕಂಡಕ್ಟರ್ ಯಶೋಧರಾ ಇದನ್ನು ಕೂಗದ ದಿನವಿರಲಿಲ್ಲ. ಹುಣಸೂರಿನಿಂದ ಹೊರಟ ಬಸ್ಸು ಬಿಳಿಕೆರೆ, ಇಲವಾಲ ದಾಟಿ ಮೈಸೂರಿನೊಳಕ್ಕೆ ಬರುವಾಗ ಮಾನಸಗಂಗೋತ್ರಿಯ ಹತ್ತಿರ ಒಮ್ಮೆ ನಿಲ್ಲುತ್ತದೆ. ಬೆನ್ನಿಗೆ ಬ್ಯಾಗು ತಗುಲಿಸಿಕೊಂಡ ಹುಡುಗ ಹುಡುಗಿಯರು ದಬದಬನೆ ಇಳಿದು ವಿಶ್ವವಿದ್ಯಾನಿಲಯದ ಮರಗಳ ಸಾಲಿನಲ್ಲಿ ಮರೆಯಾಗುತ್ತಾರೆ. ಯಶೋಧರಾ ಅವರು ಹೋದ ದಿಕ್ಕನ್ನು ಒಂದು ಕ್ಷಣ ನೋಡಿ, ‘ರೈಟ್’ ಎಂದು ಬಾಗಿಲು ತಟ್ಟುತ್ತಿದ್ದಳು. ಅಷ್ಟು ವರ್ಷ ಜನರನ್ನು ಅಲ್ಲಿ ಇಳಿಸಿದವಳು ತಾನು ಮಾತ್ರ ಆ ಸ್ಟಾಪಿನಲ್ಲಿ ಒಮ್ಮೆಯೂ ನೆಲಕ್ಕೆ ಕಾಲಿಟ್ಟಿರಲಿಲ್ಲ.

ತವರು ಕೆ.ಆರ್. ನಗರದ ಕಡೆಯ ಒಂದು ಹಳ್ಳಿ. ಪಿಯುಸಿ ಮುಗಿಯುತ್ತಿದ್ದಂತೆ ಮದುವೆಯಾಗಿ ಬಂದದ್ದು ಹುಣಸೂರು ತಾಲ್ಲೂಕಿನ ಕಾಡಂಚಿಗೆ, ವೀರನಹೊಸಹಳ್ಳಿಯ ಪಕ್ಕದ ಊರಿಗೆ. ಗಂಡ ಶಿವಶಂಕರನಿಗೆ ಹೊಗೆಸೊಪ್ಪು, ರಾಗಿ, ಎರಡು ಹಸು. ಮಗು ಚಿನ್ನು ಹುಟ್ಟುವ ಮೊದಲೇ ಯಶೋಧರಾ ಕರೆಸ್ಪಾಂಡೆನ್ಸಿನಲ್ಲಿ ಬಿ.ಎ. ಕಟ್ಟಿ ಪಾಸು ಮಾಡಿಕೊಂಡಿದ್ದಳು. ಆಮೇಲೆ ಸಾರಿಗೆ ಸಂಸ್ಥೆಯ ಕೆಲಸ ಸಿಕ್ಕಿತು. ಮಾತು ಜೋರು, ನಗು ಅದಕ್ಕಿಂತ ಜೋರು. ಫುಟ್‌ಬೋರ್ಡಿನ ಮೇಲೆ ನಿಲ್ಲುವ ಹುಡುಗರನ್ನು ಹೆಸರು ಹಿಡಿದು ಬೈದು ಒಳಗೆ ಹಾಕುತ್ತಿದ್ದಳು. ಬೈಸಿಕೊಂಡವರೂ ಮಾರನೆಯ ದಿನ ಅವಳ ಬಸ್ಸಿಗೇ ಕಾಯುತ್ತಿದ್ದರು.

ಅವಳಿಗೊಂದು ಚಟವಿತ್ತು. ಜನ ಆಡುವ ಮಾತಿಗೆ ಕಿವಿ ಕೊಡುವುದು. ಏನು ಹೇಳುತ್ತಾರೆ ಎನ್ನುವುದಕ್ಕಲ್ಲ, ಹೇಗೆ ಹೇಳುತ್ತಾರೆ ಎನ್ನುವುದಕ್ಕೆ. ಅದು ಹತ್ತಿದ್ದು ಗೋಣಿಕೊಪ್ಪದ ರೂಟಿನಲ್ಲಿದ್ದಾಗ. ಅಲ್ಲಿ ಒಂದೇ ಬಸ್ಸಿನಲ್ಲಿ ಮೂರು ಸೀಮೆಯ ಜನ ಹತ್ತುತ್ತಿದ್ದರು. ಅವಳೂರಿನವರು ‘ಉಣ್ಸೂರ್ಗೆ ಓಗ್ಬೇಕು’ ಎನ್ನುತ್ತಿದ್ದರು. ಪಕ್ಕದ ಸೀಟಿನ ಮೇಷ್ಟರು ‘ಹುಣಸೂರಿಗೆ ಹೋಗಬೇಕು’ ಎನ್ನುತ್ತಿದ್ದರು. ಹಿಂದಿನ ಸೀಟಿನ ಮಲಯಾಳಿ ಹೆಂಗಸರು ತಮ್ಮತಮ್ಮಲ್ಲೇ ‘ಪೋಣಂ, ಪೋಣಂ’ ಎನ್ನುತ್ತಿದ್ದರು. ಓ, ಹೋ, ಪೋ. ಹಾಲು ಅವಳತ್ತೆಯ ಬಾಯಲ್ಲಿ ಆಲು. ಕೊಡವರ ಅಜ್ಜಿಯ ಬಾಯಲ್ಲಿ ಪಾಲು. ಇದನ್ನು ಗಮನಿಸಿದ ಮೇಲೆ ಅವಳಿಗೆ ಬಸ್ಸಿನ ಬೋರ್ಡೇ ಒಂದು ಪ್ರಶ್ನೆಯಾಯಿತು.

‘ಅಲ್ಲಾ ನೀಲಕಂಠಣ್ಣ,’ ಎಂದು ಒಂದು ದಿನ ಡ್ರೈವರ್ ನೀಲಕಂಠಸ್ವಾಮಿಯನ್ನು ಕೇಳಿದಳು, ‘ನಾವೆಲ್ಲ ಹಿರಿಯ ಅಂತೀವಿ. ಪಿರಿಯಾಪಟ್ಣ ಮಾತ್ರ ಯಾಕೆ ಪಿರಿಯ ಆಗೇ ಉಳ್ಕೊಂತು?’

ನೀಲಕಂಠಸ್ವಾಮಿ ಗೇರು ಬದಲಾಯಿಸುತ್ತ ಗಂಭೀರವಾಗಿ ಯೋಚಿಸಿದ. ‘ಬೋರ್ಡ್ ಬರೆಯೋ ಪೇಂಟರ್ ತಪ್ಪು ಮಾಡಿರ್ಬೇಕು ಕಣಮ್ಮ. ಆಮ್ಯಾಕೆ ಯಾರೂ ತಿದ್ನಿಲ್ಲ.’

ಈ ಉತ್ತರ ಯಶೋಧರಾಗೆ ಸಾಲಲಿಲ್ಲ. ಇಬ್ಬರಿಗೂ ಮೈಸೂರಿನ ರೂಟು ಸಿಕ್ಕ ಮೇಲೆ, ಬಿಳಿಕೆರೆಯಲ್ಲಿ ದಿನಾ ಹತ್ತುವ ರಮ್ಯಶ್ರೀಯನ್ನು ಕೇಳಿದಳು. ರಮ್ಯಶ್ರೀ ಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮೊದಲ ವರ್ಷದಲ್ಲಿದ್ದ ಹುಡುಗಿ. ಪ್ರಶ್ನೆ ಕೇಳುತ್ತಲೇ ಕಣ್ಣರಳಿಸಿದಳು.

‘ಅಕ್ಕಾ, ಇದಕ್ಕೆ ಅಂತಲೇ ಒಂದು ಡಿಪಾರ್ಟ್‌ಮೆಂಟ್ ಐತೆ. ಭಾಷಾವಿಜ್ಞಾನ ಅಂತ. ನಮ್ಮ ಪಕ್ಕದ್ದೇ. ಎರಡು ವರ್ಷದ ಎಂ.ಎ.’

‘ಇದನ್ನ ಓದೋಕೆ ಎರಡು ವರ್ಷ ಬಿಟ್ಟಿದ್ದಾರಾ?’

‘ಓದಿದ ಮೇಲೆ ಪಿಎಚ್‌ಡಿ ಬೇರೆ ಮಾಡ್ತಾರೆ.’

ಆ ದಿನ ಯಶೋಧರಾ ಕಲಾಮಂದಿರದ ಸ್ಟಾಪು ಕೂಗುವುದನ್ನೇ ಮರೆತಳು. ಅಲ್ಲಿಳಿಯಬೇಕಿದ್ದ ಇಬ್ಬರು ಅಜ್ಜಿಯರು ಮುಂದಿನ ಸ್ಟಾಪಿನಲ್ಲಿ ಇಳಿದು, ಅವಳ ವಂಶವನ್ನೆಲ್ಲ ವಿಚಾರಿಸಿಕೊಂಡು ಹಿಂದಕ್ಕೆ ನಡೆದರು. ಅವಳಿಗೆ ಅದೂ ಕೇಳಿಸಲಿಲ್ಲ. ತಲೆಯಲ್ಲಿ ಒಂದೇ ಪ್ರಶ್ನೆ ಓಡುತ್ತಿತ್ತು: ನನಗೆ ಸೀಟು ಸಿಕ್ಕೀತೇ?

ಈ ಪ್ರಶ್ನೆಯನ್ನು ಅವಳು ರಮ್ಯಶ್ರೀಗೆ ಗುಟ್ಟಾಗಿ ಕೇಳಿದಳು. ಆದರೆ ಬಸ್ಸಿನಲ್ಲಿ ಗುಟ್ಟು ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ಹೋಗಲು ಎಷ್ಟು ಹೊತ್ತು ಬೇಕು? ಬಿಳಿಕೆರೆ ದಾಟಿ ಇಲವಾಲ ಬರುವಷ್ಟರಲ್ಲಿ ಎಲ್ಲರೂ ಅವಳ ಭವಿಷ್ಯ ಹೇಳತೊಡಗಿದ್ದರು. ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆಂದು ಹೇಳುವ ಅದೇ ಧಾಟಿ, ಅದೇ ಧೈರ್ಯ.

‘ನೂರಕ್ಕೆ ನೂರು ಸಿಕ್ತದೆ,’ ಎಂದ ನೀಲಕಂಠಸ್ವಾಮಿ. ‘ಅವ್ರಿಗೂ ವಸಿ ಜೋರಾಗಿ ಮಾತಾಡೋರು ಬೇಕಲ್ಲ.’

‘ಕಾಲು ಭಾಗ,’ ಎಂದರು ದೊಡ್ಡಬೀರಯ್ಯ. ಜಮೀನಿನ ಕೇಸಿಗೆಂದು ವಾರವಾರ ಮೈಸೂರಿನ ಕೋರ್ಟಿಗೆ ಓಡಾಡಿ, ಯಾವುದಕ್ಕೂ ಪೂರ್ತಿ ಭರವಸೆ ಇಡದಿರುವುದನ್ನು ಕಲಿತಿದ್ದ ಮುದುಕರು. ‘ಕರೆಸ್ಪಾಂಡೆನ್ಸ್ ಡಿಗ್ರಿ. ಅದೂ ಸೆಕೆಂಡ್ ಕ್ಲಾಸು. ಎದುರ್ಗಡೆಯೋರು ಅದನ್ನೇ ಎತ್ಕೊತಾರೆ.’

‘ಯಾವ ಎದುರ್ಗಡೆಯೋರು ತಾತಾ? ಇದು ಕೋರ್ಟಲ್ಲ,’ ಎಂದು ರಮ್ಯಶ್ರೀ ನಕ್ಕಳು. ‘ಕರೆಸ್ಪಾಂಡೆನ್ಸ್ ಆದ್ರೂ ಅರ್ಜಿ ಹಾಕಬಹುದಂತೆ. ಎಂಟ್ರೆನ್ಸ್ ಮಾರ್ಕ್ಸು, ಡಿಗ್ರಿ ಮಾರ್ಕ್ಸು ಎರಡೂ ಸೇರಿಸ್ತಾರೆ.’

‘ಎಂಟ್ರೆನ್ಸಾ?’ ಯಶೋಧರಾಳ ಮುಖ ಸಣ್ಣಗಾಯಿತು. ಪರೀಕ್ಷೆ ಬರೆದು ಎಷ್ಟೋ ವರ್ಷವಾಗಿತ್ತು. ಈಗ ಅವಳ ಬೆರಳುಗಳಿಗೆ ಗೊತ್ತಿದ್ದುದು ಟಿಕೆಟ್ ಮಿಷನ್ನಿನ ಗುಂಡಿಗಳು ಮಾತ್ರ.

ಮನೆಯಲ್ಲಿ ವಿಷಯ ತೆಗೆದಾಗ ಶಿವಶಂಕರ ಹಸುವಿಗೆ ಹಿಂಡಿ ಕಲಸುತ್ತಿದ್ದ. ‘ನೀನು ಮಾತಾಡೋದಕ್ಕೆ ಇನ್ಮೇಲೆ ಮಾರ್ಕ್ಸ್ ಬೇರೆ ಕೊಡ್ತಾರಾ? ಅಂಗಾದ್ರೆ ರ‍್ಯಾಂಕೇ ಬುಡು,’ ಎಂದು ನಕ್ಕ. ಅವನು ಬೇಡವೆಂದರೆ ಹೀಗೆ ನಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅತ್ತೆ ಮಾಯಮ್ಮ ಮಾತ್ರ ನಗಲಿಲ್ಲ. ಮೊರದಲ್ಲಿದ್ದ ಅವರೆಕಾಯಿ ಸುಲಿಯುತ್ತ ಕೇಳಿದರು: ‘ಎಲ್ರೂ ಸೀಟು ಸಿಕ್ತದಾ, ಸೀಟು ಸಿಕ್ತದಾ ಅಂತ ಕೇಳ್ತಾ ಇದ್ದೀರಿ. ನಾ ಕೇಳೋದು, ಸಿಕ್ಬುಟ್ರೆ ಏನ್ ಮಾಡೀಯೆ? ಬಸ್ಸು ಯಾರು ಓಡಿಸ್ತಾರೆ?’

‘ಬಸ್ಸು ಓಡಿಸೋದು ನೀಲಕಂಠಣ್ಣ, ಅತ್ತೆ.’

‘ಅವ್ನು ಓಡಿಸ್ತಾನೆ. ನಿಲ್ಸೋಳು ನೀನಲ್ವ?’

ಯಶೋಧರಾ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. ಸಿಗದ ಸೀಟಿನ ಬಗ್ಗೆ ಈಗಲೇ ಯಾಕೆ ತಲೆ ಕೆಡಿಸಿಕೊಳ್ಳುವುದು ಎಂದು ಮಾತು ಮುಗಿಸಿದಳು.

ಮುಂದಿನ ವಾರದ ರಜೆಯ ದಿನ ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು ಹೊರಟಳು. ಬಸ್ಸು ಗಂಗೋತ್ರಿಯ ಹತ್ತಿರ ಬಂದಾಗ, ಸೀಟಿನಲ್ಲಿ ಕೂತಿದ್ದವಳು ಅಭ್ಯಾಸಬಲದಿಂದ ತಾನೇ ‘ಗಂಗೋತ್ರಿ, ಗಂಗೋತ್ರಿ!’ ಎಂದು ಕೂಗಿಬಿಟ್ಟಳು. ಆ ದಿನದ ಕಂಡಕ್ಟರ್ ಬಾಯಿ ತೆರೆದವನು ಹಾಗೇ ಮುಚ್ಚಿದ. ಯಶೋಧರಾ ನಾಚಿಕೊಂಡು ಇಳಿದಳು. ಹಿಂದೆ ಬಸ್ಸು ಹೊರಟುಹೋಯಿತು. ಬಸ್ಸು ತನ್ನನ್ನು ಬಿಟ್ಟು ಹೋಗುವುದನ್ನು ಅವಳು ನೋಡಿದ್ದು ಕಡಿಮೆ. ಏನೋ ಮರೆತು ಬಂದ ಹಾಗಾಯಿತು.

ವಿಭಾಗದ ಕೋಣೆಯಲ್ಲಿ ಪ್ರೊಫೆಸರ್ ನೀಲಾಂಬಿಕೆ ಒಬ್ಬರೇ ಕೂತು ಟೀ ಕುಡಿಯುತ್ತಿದ್ದರು. ಅರ್ಧ ನರೆತ ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ.

‘ಮೇಡಂ, ನಾನು ಬಸ್ ಕಂಡಕ್ಟರು. ಕರೆಸ್ಪಾಂಡೆನ್ಸಲ್ಲಿ ಬಿ.ಎ., ಸೆಕೆಂಡ್ ಕ್ಲಾಸು. ನನಗೆ ಇಲ್ಲಿ ಸೀಟು ಸಿಗೋ ಚಾನ್ಸ್ ಎಷ್ಟಿದೆ ಅಂತ ಕೇಳೋಕೆ ಬಂದೆ.’

ನೀಲಾಂಬಿಕೆ ಟೀ ಲೋಟ ಕೆಳಗಿಟ್ಟರು. ‘ಕೂತ್ಕೊಳ್ಳಿ. ಇದೇ ವಿಷಯ ಯಾಕೆ?’

ಯಶೋಧರಾ ಗೋಣಿಕೊಪ್ಪದ ಬಸ್ಸಿನ ಕಥೆ ಹೇಳಿದಳು. ಓ, ಹೋ, ಪೋ, ಆಲು, ಹಾಲು, ಪಾಲು, ಪಿರಿಯಾಪಟ್ಟಣದ ಬೋರ್ಡು. ಹೇಳುತ್ತ ಹೇಳುತ್ತ ಉತ್ಸಾಹ ಏರಿತು. ಕೊನೆಗೆ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದಳು: ‘ನನಗನ್ನಿಸುತ್ತೆ ಮೇಡಂ, ಮೊದಲು ಎಲ್ಲಾ ಪ ಇತ್ತು. ಆಮೇಲೆ ಅದು ಹ ಆಯ್ತು. ನಮ್ಮೂರಲ್ಲಿ ಆ ಹ ಕೂಡ ಬಿದ್ದೋಯ್ತು. ಇದನ್ನ ಯಾರಾದ್ರೂ ಕಂಡುಹಿಡಿದಿದ್ದಾರಾ?’

ನೀಲಾಂಬಿಕೆ ಜೋರಾಗಿ ನಕ್ಕರು. ಅದು ಹಂಗಿಸುವ ನಗುವಾಗಿರಲಿಲ್ಲ. ಎದ್ದು ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು, ಪುಟ ಹುಡುಕಿ ಅವಳ ಮುಂದಿಟ್ಟರು. ಹಳಗನ್ನಡದ ಪಕಾರ ನಡುಗನ್ನಡದ ಕಾಲಕ್ಕೆ ಹಕಾರವಾದದ್ದು ಅಲ್ಲಿ ಪುಟಗಟ್ಟಲೆ ಇತ್ತು. ಪಾಲು ಹಾಲಾದದ್ದು, ಪುಲಿ ಹುಲಿಯಾದದ್ದು, ಪೋಗು ಹೋಗಾದದ್ದು. ಹೆಸರಿನೊಳಗೆ ಸಿಕ್ಕಿಕೊಂಡ ಹಳೆಯ ಮಾತು ಕೆಲವು ಕಡೆ ಬದಲಾಗದೆ ಉಳಿಯುತ್ತದೆ ಎನ್ನುವುದೂ ಇತ್ತು.

ಯಶೋಧರಾ ಮೊದಲು ಪೆಚ್ಚಾದಳು. ತಾನೇ ಕಂಡುಹಿಡಿದದ್ದು ಎಂದುಕೊಂಡು ಇಷ್ಟು ದಿನ ಎದೆಯಲ್ಲಿ ಇಟ್ಟುಕೊಂಡಿದ್ದಳು. ಆಮೇಲೆ ಆ ಸಾಲುಗಳ ಮೇಲೆ ಬೆರಳಾಡಿಸುತ್ತಿದ್ದಂತೆ ಬೇರೆಯೇ ಒಂದು ಖುಷಿ ಹತ್ತಿತು. ತನ್ನ ಹುಚ್ಚು ಎಷ್ಟೋ ಜನರಿಗೆ, ಎಷ್ಟೋ ವರ್ಷದ ಹಿಂದೆಯೇ ಹಿಡಿದಿತ್ತಲ್ಲ! ಅವರಲ್ಲಿ ಒಬ್ಬರಿಗೂ ಪೇಂಟರ್ ತಪ್ಪು ಎಂದು ಅನ್ನಿಸಿರಲಿಲ್ಲ.

‘ಚಾನ್ಸ್ ಕೇಳಿದ್ರಿ,’ ಎಂದರು ನೀಲಾಂಬಿಕೆ. ‘ಇದ್ದದ್ದು ಹೇಳ್ತೀನಿ. ನಿಮ್ಮ ಡಿಗ್ರಿ ಮಾರ್ಕ್ಸು ಸುಮಾರು. ಎಂಟ್ರೆನ್ಸಲ್ಲಿ ಪ, ಹ ಒಂದೇ ಕೇಳಲ್ಲ. ಧ್ವನಿಗಳು ಬಾಯಲ್ಲಿ ಎಲ್ಲಿ ಹುಟ್ಟುತ್ತವೆ ಅನ್ನೋದ್ರಿಂದ ಶುರುವಾಗುತ್ತೆ. ಅದು ನಿಮಗೆ ಗೊತ್ತಿಲ್ಲ. ಇವತ್ತೇ ಪರೀಕ್ಷೆ ಇಟ್ರೆ ಸಿಗಲ್ಲ. ಓದಿದ್ರೆ ಸಿಗಬಹುದು. ಖಂಡಿತ ಅಂತ ನಾನು ಯಾರಿಗೂ ಹೇಳಲ್ಲ.’

ಬಸ್ಸಿನವರ ನೂರಕ್ಕೆ ನೂರು, ಕಾಲು ಭಾಗ ಎಲ್ಲಕ್ಕಿಂತ ಈ ಮಾತು ಅವಳಿಗೆ ಹಿಡಿಸಿತು. ಸಿಗಲ್ಲ ಮತ್ತು ಸಿಗಬಹುದು ಇವೆರಡರ ನಡುವೆ ಓದುವುದಕ್ಕೆ ಜಾಗವಿತ್ತು.

ಅರ್ಜಿ ಹಾಕಿದಳು. ರಮ್ಯಶ್ರೀ ಲೈಬ್ರರಿಯ ಪುಸ್ತಕಗಳನ್ನು ತಂದುಕೊಟ್ಟಳು. ಓದು ನಡೆದದ್ದು ಹೆಚ್ಚಾಗಿ ಬಸ್ಸಿನಲ್ಲೇ, ಟಿಕೆಟ್ ಮುಗಿದ ಮೇಲೆ. ತ ಎಂದರೆ ನಾಲಗೆ ಹಲ್ಲಿಗೆ. ಟ ಎಂದರೆ ನಾಲಗೆ ಮೇಲಕ್ಕೆ ಮಡಚಿ. ಪ ಎಂದರೆ ಎರಡೂ ತುಟಿ. ತನ್ನ ಸೀಟಿನಲ್ಲಿ ಕೂತು ಅವಳು ಬಾಯನ್ನು ಓರೆ ಮಾಡಿ, ನಾಲಗೆ ಮಡಚಿ, ತುಟಿ ಉಬ್ಬಿಸಿ, ಮತ್ತೆ ಮಡಚಿ ಅಭ್ಯಾಸ ಮಾಡುತ್ತಿದ್ದಳು. ನೀಲಕಂಠಸ್ವಾಮಿ ಕನ್ನಡಿಯಲ್ಲಿ ಅದನ್ನು ಒಂದೆರಡು ದಿನ ನೋಡಿದ. ಕೊನೆಗೆ ಬಸ್ಸನ್ನು ಬದಿಗೆ ನಿಲ್ಲಿಸಿದ.

‘ಯಶೋಧಮ್ಮ, ಹಲ್ಲು ನೋವಾ? ಇಲ್ಲೇ ಡಾಕ್ಟರ್ ಅಂಗಡಿ ಐತೆ.’

‘ಇಲ್ಲಣ್ಣ, ಓದ್ತಾ ಇದ್ದೀನಿ.’

‘ಬಾಯಲ್ಲಾ?’

ಅಷ್ಟರಲ್ಲಿ ಹಿಂದಿನ ಸೀಟಿನ ಒಬ್ಬ ಹೆಂಗಸು ಸೆರಗಿನ ಗಂಟು ಬಿಚ್ಚಿ ಲವಂಗ ಕೈಗಿತ್ತಳು: ‘ದವಡೆಲಿ ಇಟ್ಕೊ ತಾಯಿ, ಕಮ್ಮಿ ಆಯ್ತದೆ.’ ಯಶೋಧರಾ ಲವಂಗವನ್ನು ಬೇಡವೆನ್ನದೆ ಬಾಯಿಗೆ ಹಾಕಿಕೊಂಡಳು. ಅದರಿಂದ ಟ ಹೇಳುವುದು ಇನ್ನಷ್ಟು ಕಷ್ಟವಾಯಿತು.

ಪರೀಕ್ಷೆಯ ದಿನ ಕೊಠಡಿಯಲ್ಲಿ ತನ್ನ ಅಕ್ಕಪಕ್ಕ ಕೂತವರನ್ನು ನೋಡಿ ಅವಳಿಗೆ ದಿಗಿಲಾಯಿತು. ಎಲ್ಲರೂ ಎಳೆಯರು. ಒಬ್ಬ ಹುಡುಗನಂತೂ ಅವಳನ್ನು ಮೇಲ್ವಿಚಾರಕಿಯೆಂದು ತಿಳಿದು ‘ಮಿಸ್, ಪೆನ್ನು ಲೀಕಾಗ್ತಿದೆ’ ಎಂದ. ಅವಳು ತನ್ನ ಹತ್ತಿರವಿದ್ದ ಇನ್ನೊಂದು ಪೆನ್ನು ಕೊಟ್ಟಳು. ಪ್ರಶ್ನೆಪತ್ರಿಕೆ ನೋಡಿದಾಗ ಕೆಲವು ಸಾಲು ಅರ್ಥವೇ ಆಗಲಿಲ್ಲ. ಕೆಲವು ಆಯಿತು. ಒಂದು ಪ್ರಶ್ನೆಗೆ ಉತ್ತರ ಹೊಳೆಯದೆ ಮೆಲ್ಲಗೆ ನಾಲಗೆಯನ್ನು ಬಾಯೊಳಗೆ ಆಡಿಸಿ ನೋಡಿದಳು. ನಾಲಗೆ ಹೋಗಿ ಅಂಗುಳಕ್ಕೆ ತಗುಲಿತು. ಅದನ್ನೇ ಬರೆದಳು.

ಆಯ್ಕೆಯ ಪಟ್ಟಿ ಬಂದ ದಿನ ಬಸ್ಸು ಬಿಳಿಕೆರೆಯಲ್ಲಿ ನಿಂತಿತ್ತು. ರಮ್ಯಶ್ರೀ ಮೊಬೈಲ್ ಹಿಡಿದು ಓಡಿಬಂದಳು. ಯಶೋಧರಾ ಮೊಬೈಲನ್ನು ತಾನೇ ಇಸಿದುಕೊಂಡು ಪಟ್ಟಿಯನ್ನು ಕೆಳಗಿನಿಂದ ಓದತೊಡಗಿದಳು. ಮೇಲಿನಿಂದ ಓದುವಷ್ಟು ಧೈರ್ಯ ಯಾರಿಗಿದೆ? ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೊನೆಯಿಂದ ಎರಡನೆಯ ಸಾಲಿನಲ್ಲೇ ಹೆಸರಿತ್ತು.

ಬಸ್ಸಿನಲ್ಲಿ ಒಂದು ಗದ್ದಲವೆದ್ದಿತು. ನೀಲಕಂಠಸ್ವಾಮಿ ಹಾರ್ನಿನ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ದೊಡ್ಡಬೀರಯ್ಯ ಎದ್ದು ನಿಂತು, ‘ನಾ ಯೋಳಿರ್ನಿಲ್ವ, ಕಾಲು ಭಾಗ ಅಂತ? ಆ ಕಾಲು ಭಾಗನೇ ಇದು,’ ಎಂದು ಜಂಬದಿಂದ ಎಲ್ಲರ ಮುಖ ನೋಡಿದರು. ಯಶೋಧರಾ ನಕ್ಕಳು, ಕಣ್ಣೊರೆಸಿಕೊಂಡಳು, ಆಮೇಲೆ ಟಿಕೆಟ್ ಸಿಗದೆ ಉಳಿದವರ ನೆನಪಾಗಿ ಮಿಷನ್ ಎತ್ತಿಕೊಂಡಳು.

ಖುಷಿ ಆ ದಿನದ ಮಟ್ಟಿಗೆ ಸರಿಯಾಗಿತ್ತು. ಮಾರನೆಯ ದಿನ ಡಿಪೋ ಮ್ಯಾನೇಜರ ಮುಂದೆ ನಿಂತಾಗ ಮಾಯಮ್ಮನ ಪ್ರಶ್ನೆ ಎದುರಾಯಿತು.

‘ಸಂತೋಷ ಕಣಮ್ಮ,’ ಎಂದರು ಮ್ಯಾನೇಜರು. ನಿಜಕ್ಕೂ ಸಂತೋಷಪಟ್ಟ ಹಾಗೇ ಕಂಡರು. ‘ಆದ್ರೆ ಇದು ದಿನಾ ಹೋಗೋ ಕ್ಲಾಸು. ಎರಡು ವರ್ಷ ರಜೆ ಅಂದ್ರೆ ಎಲ್ಲಿಂದ ತರ್ಲಿ? ಇರೋ ಕಂಡಕ್ಟರುಗಳೇ ಸಾಲ್ತಿಲ್ಲ. ಡ್ಯೂಟಿ ತಪ್ಪದ ಹಾಗೆ ಓದ್ಕೊಳ್ಳೋದಾದ್ರೆ ಅನುಮತಿ ಪತ್ರಕ್ಕೆ ನಾನೇ ಬರೀತೀನಿ. ರಜೆ ಮಾತ್ರ ಕೇಳ್ಬೇಡ.’

ಆ ಸಂಜೆ ಯಶೋಧರಾ ಮನೆಗೆ ಬಂದವಳು ಯಾರ ಮೇಲೂ ರೇಗಲಿಲ್ಲ, ಯಾರನ್ನೂ ನಗಿಸಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಪಾತ್ರೆ ತಿಕ್ಕುತ್ತ ಕೂತಳು. ಶಿವಶಂಕರ ಎರಡು ಸಲ ಬಂದು ನೀರು ತುಂಬಿಟ್ಟು ವಾಪಸು ಹೋದ. ಅದೇ ಹೊತ್ತಿಗೆ ಊರ ಶಾಲೆಯ ಮುಂದೆ ಹಾಲ್ಟಿಂಗ್ ಬಸ್ಸು ಬಂದು ನಿಂತ ಸದ್ದಾಯಿತು. ಮೈಸೂರಿನಿಂದ ಸಂಜೆ ಹೊರಟು, ಹುಣಸೂರಿನ ಮೇಲೆ ಬಂದು, ಆ ಊರಲ್ಲೇ ಮಲಗಿ, ಬೆಳಿಗ್ಗೆ ಮತ್ತೆ ಮೈಸೂರಿಗೆ ಹೋಗುವ ಬಸ್ಸು. ಕಾಡಂಚು, ಆನೆ ಓಡಾಟ, ಫೋನಿಗೆ ಸಿಗ್ನಲ್ ಇಲ್ಲ. ಡಿಪೋದಲ್ಲಿ ಆ ಡ್ಯೂಟಿ ಬಿತ್ತೆಂದರೆ ಎಲ್ಲರೂ ಮುಖ ಸಿಂಡರಿಸುತ್ತಿದ್ದರು.

ಮಾಯಮ್ಮ ಬಾಗಿಲಲ್ಲಿ ನಿಂತು ಬಸ್ಸಿನ ಕಡೆ ನೋಡಿದರು. ‘ಇಳೀತಾ ಅವ್ನೆ ನೋಡು ಕಂಡಕ್ಟ್ರು. ದಿನಾ ನಮ್ಮೂರ್ನ ಬೈಕೊಂಡೇ ಇಳೀತಾನೆ. ಇವ್ನ ಬದ್ಲು ನೀನೇ ಬರಕಾಗಲ್ವ?’

ಯಶೋಧರಾಳ ಕೈಯಲ್ಲಿದ್ದ ತಪ್ಪಲೆ ಅಲ್ಲೇ ನಿಂತಿತು.

‘ಏನಂದ್ರಿ ಅತ್ತೆ?’

‘ಬೆಳಿಗ್ಗೆ ಮೈಸೂರ್ಗೋಯ್ತದೆ. ಸಂದ್ಗೆ ಮೈಸೂರಿಂದ ಬತ್ತದೆ. ಅಗಲೊತ್ನಲ್ಲಿ ಇವ್ರು ಅಲ್ಲೇ ಬಿದ್ಕೊಂಡಿರ್ತಾರಂತೆ. ಇವ್ನೇ ಯೋಳ್ತಿದ್ದ. ಅವ್ನು ಮಲಗೋ ಒತ್ನಲ್ಲಿ ನೀನು ಓದ್ಕೊ.’

ಮಾಯಮ್ಮನಿಗೆ ಇದು ದೊಡ್ಡ ಮಾತೆಂದು ಅನ್ನಿಸಿರಲಿಲ್ಲ. ಒಲೆಯ ಮೇಲಿದ್ದ ಸಾರು ಉಕ್ಕೀತೆಂದು ಒಳಗೆ ಹೋದರು. ಯಶೋಧರಾ ಕೈಯ ಬೂದಿಯನ್ನೂ ತೊಳೆಯದೆ ಶಾಲೆಯ ಹತ್ತಿರ ಓಡಿದಳು. ಬಸ್ಸಿನ ಹೊತ್ತನ್ನೆಲ್ಲ ಆ ಕಂಡಕ್ಟರಿಂದ ಕೇಳಿ ತಿಳಿದುಕೊಂಡಳು. ಬೆಳಿಗ್ಗೆ ಮೈಸೂರು ಮುಟ್ಟಿದ ಮೇಲೆ ಬಸ್ಸು ಬೇರೆ ಸಿಬ್ಬಂದಿಯ ಕೈಗೆ ಹೋಗುತ್ತದೆ, ಸಂಜೆ ಮತ್ತೆ ಇವರ ಕೈಗೆ ಬರುತ್ತದೆ. ಕ್ಲಾಸಿನ ಹೊತ್ತು ಆ ನಡುವೆ ಕೂರುತ್ತಿತ್ತು, ಸ್ವಲ್ಪ ಒತ್ತೊತ್ತಾಗಿ.

‘ಆ ಡ್ಯೂಟಿ ನಾನು ಇಸ್ಕೊಳ್ಳಾ ಅಣ್ಣ?’ ಎಂದು ಕೇಳಿದಾಗ ಅವನು ಅವಳ ಕೈ ಹಿಡಿದುಕೊಳ್ಳುವುದೊಂದು ಬಾಕಿ. ‘ಇವತ್ತೇ ಇಸ್ಕೊಳಕ್ಕ! ರಾತ್ರಿಯೆಲ್ಲ ಆನೆ ಬಸ್ಸಿಗೆ ಬೆನ್ನುಜ್ಜುತ್ತಾ ನಿಂತಿರ್ತದೆ!’

ಮ್ಯಾನೇಜರು ಮೊದಲು ತಲೆಯಾಡಿಸಿದರು. ‘ಹೆಣ್ಣುಮಕ್ಕಳಿಗೆ ಹಾಲ್ಟಿಂಗ್ ಡ್ಯೂಟಿ ಹಾಕಲ್ಲಮ್ಮ. ರಾತ್ರಿ ಎಲ್ಲಿ ಇರ್ತೀಯ?’

‘ನಮ್ಮನೇಲಿ ಸರ್.’

‘ಅಂದ್ರೆ?’

‘ಬಸ್ಸು ಹಾಲ್ಟ್ ಆಗೋದು ನಮ್ಮೂರಲ್ಲೇ. ಶಾಲೆ ಪಕ್ಕದ್ದೇ ನಮ್ಮನೆ. ಅಲ್ಲಿ ನನಗೆ ಹೆದರಿಕೆ ಅಂದ್ರೆ ಒಬ್ರದ್ದೇ, ನಮ್ಮತ್ತೇದು.’

ಮ್ಯಾನೇಜರು ನಗು ತಡೆಯಲಾರದೆ ಪೆನ್ನು ಕೈಗೆತ್ತಿಕೊಂಡರು. ಡ್ರೈವರ್ ಯಾರು ಎಂಬ ಪ್ರಶ್ನೆ ಬಂದಾಗ ನೀಲಕಂಠಸ್ವಾಮಿ ತಾನೇ ಮುಂದೆ ಬಂದ. ಆನೆ ಎಂದರೆ ಅವನಿಗೂ ಭಯವೇ. ಆದರೆ ಒಂದು ಮಾತು ಮೊದಲೇ ಖಚಿತಪಡಿಸಿಕೊಂಡ: ‘ರಾತ್ರಿ ಊಟ ನಿಮ್ಮತ್ತೆ ಕೈದೇ ತಾನೆ?’

ಮೊದಲ ದಿನ ಬಟ್ಟೆ ಬದಲಿಸಲು ಹೊತ್ತಾಗದೆ ಯಶೋಧರಾ ಖಾಕಿಯಲ್ಲೇ ಕ್ಲಾಸಿಗೆ ಓಡಿದಳು. ಅವಳನ್ನು ಬಾಗಿಲಲ್ಲಿ ಕಂಡ ಕೂಡಲೇ ಮುಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು ಜೇಬಿನಲ್ಲಿ ಪಾಸು ತಡಕಾಡಿದ. ಫುಟ್‌ಬೋರ್ಡಿನ ಮೇಲೆ ಅವಳ ಕೈಲಿ ಬೈಸಿಕೊಂಡವನೇ. ಕ್ಲಾಸು ಗೊಳ್ಳೆಂದಿತು. ನೀಲಾಂಬಿಕೆ ಕನ್ನಡಕದ ಮೇಲಿಂದ ನೋಡಿ, ‘ಒಳಗೆ ಬನ್ನಿ, ಸೀಟು ಖಾಲಿ ಇದೆ’ ಎಂದರು. ಯಶೋಧರಾ ಆ ಹುಡುಗನ ಪಕ್ಕದಲ್ಲೇ ಹೋಗಿ ಕೂತಳು.

ಓದು ಸುಲಭವಾಗೇನೂ ಇರಲಿಲ್ಲ. ಮಧ್ಯಾಹ್ನದ ತರಗತಿಯಲ್ಲಿ ಕಣ್ಣು ಎಳೆಯುತ್ತಿತ್ತು. ಮೊದಲ ಕಿರುಪರೀಕ್ಷೆಯಲ್ಲಿ ಬಂದ ಅಂಕಗಳನ್ನು ಅವಳು ಮನೆಯಲ್ಲಿ ಚಿನ್ನುವಿಗೂ ತೋರಿಸಲಿಲ್ಲ. ಎರಡನೆಯದರಲ್ಲಿ ಕೊಂಚ ಮೇಲೆ ಬಂದಳು. ಕೆಲವು ದಿನ ಬಸ್ಸು ತಡವಾಗಿ ಮೊದಲ ತರಗತಿ ತಪ್ಪಿಹೋಗುತ್ತಿತ್ತು. ಆ ಪಾಠವನ್ನು ಪಾಸಿನ ಹುಡುಗ ಸಂಜೆ ಬಸ್ಸಿನಲ್ಲಿ, ಈಗ ಫುಟ್‌ಬೋರ್ಡು ಬಿಟ್ಟು ಒಳಗೆ ಕೂತು, ಹೇಳಿಕೊಡುತ್ತಿದ್ದ.

ವರ್ಷದ ಕೊನೆಗೆ ಒಂದು ಕೆಲಸ ಬಂತು: ತಮ್ಮೂರಿನ ಹಿರಿಯರೊಬ್ಬರ ಮಾತನ್ನು ಧ್ವನಿಮುದ್ರಿಸಿ ತರಬೇಕು. ಯಶೋಧರಾ ದೂರ ಹುಡುಕಲಿಲ್ಲ. ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಮಾಯಮ್ಮನನ್ನು ಕೂರಿಸಿ, ಮೊಬೈಲನ್ನು ಎದುರಿಗಿಟ್ಟು, ‘ಗದ್ದೆಗೆ ಆನೆ ಬಂದಿದ್ದು ಹೇಳಿ ಅತ್ತೆ’ ಎಂದಳು.

ಮಾಯಮ್ಮ ತಲೆಗೂದಲು ನೀವಿಕೊಂಡು, ಸೆರಗು ಸರಿಪಡಿಸಿಕೊಂಡು, ಯೂನಿವರ್ಸಿಟಿಯವರು ಕೇಳುತ್ತಾರೆಂದು ನಾಲಗೆಯನ್ನೂ ಸರಿಪಡಿಸಿಕೊಂಡರು.

‘ಹೊಂದು ದಿವಸ,’ ಎಂದು ಶುರುಮಾಡಿದರು, ‘ನಾನು ಹಕ್ಕಿ ರೊಟ್ಟಿ ತಿನ್ನುತ್ತಾ ಇದ್ದೆನು. ಹಾಗ ಹೊಂದು ಹಾನೆ ಬಂದಿತು.’

ಚಿನ್ನು ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಉರುಳಿದಳು. ಶಿವಶಂಕರ ಕೊಟ್ಟಿಗೆಯಿಂದ ಇಣುಕಿ, ‘ಅವ್ವಾ, ಏನಾಯ್ತು ನಿಂಗೆ?’ ಎಂದ.

ಯಶೋಧರಾ ಮೊಬೈಲ್ ನಿಲ್ಲಿಸಿದಳು. ‘ಅತ್ತೆ, ನೀವು ದಿನಾ ಮಾತಾಡೋ ಹಾಗೇ ಮಾತಾಡಿ.’

‘ಅಂಗೆ ಮಾತಾಡಿದ್ರೆ ನಿಮ್ ಮೇಡಮ್ಮೋರು ನಗಲ್ವ?’

‘ಹಾಗೆ ಮಾತಾಡಿದ್ರೇನೇ ನನಗೆ ಮಾರ್ಕ್ಸು.’

ಮಾಯಮ್ಮ ಸೊಸೆಯ ಮುಖವನ್ನು ಒಂದು ಗಳಿಗೆ ಅನುಮಾನದಿಂದ ನೋಡಿದರು. ಆಮೇಲೆ ಸೆರಗು ಸಡಿಲ ಮಾಡಿ, ಕಾಲು ಚಾಚಿ, ಎಲೆಯಡಿಕೆಯ ಚೀಲ ಹತ್ತಿರಕ್ಕೆ ಎಳೆದುಕೊಂಡರು.

‘ಮೊದ್ಲೇ ಯೋಳ್ಬಾರ್ದಾ? ಒಂದ್ ದಿನ ಏನಾಯ್ತು ಅಂದ್ರೆ ಕಣವ್ವ, ನಾನು ಅಟ್ಟಿ ಮುಂದೆ ಅಕ್ಕಿ ರೊಟ್ಟಿ ತಿಂತಾ ಕುಂತಿದ್ನಾ...’

ಆನೆ ಬಂತು, ಗದ್ದೆ ತುಳಿಯಿತು, ಊರೆಲ್ಲ ತಮಟೆ ಬಾರಿಸಿತು. ಕಥೆ ಮುಗಿಯುವ ಹೊತ್ತಿಗೆ ಶಿವಶಂಕರನೂ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಅಷ್ಟು ಉದ್ದದ ಮಾತಿನಲ್ಲಿ ಒಂದೇ ಒಂದು ಹಕಾರವೂ ಇರಲಿಲ್ಲ. ಯಶೋಧರಾ ಖುಷಿಯಿಂದ ಅತ್ತೆಯ ಬಾಯನ್ನೇ ನೋಡುತ್ತ ಕೂತಿದ್ದಳು.